ಕುಡಿಯೋದು ಬಿಟ್ಟು ಏಳು ತಿಂಗಳು, ಮಗ ಇನ್ನೂ ಬಾಯಿ ಮೂಸ್ತಾನೆ. ಅಪ್ಪ ಆಗೋದನ್ನ ಎಲ್ಲಾದ್ರೂ ಹೇಳಿಕೊಡ್ತಾರಾ?

ಬರೆದವರು: ತಾಮ್ರದತಂತಿ

ಎಲ್ಲರಿಗೂ ನಮಸ್ಕಾರ. ಹೆಸರು ಬೇಡ. ತಿಪಟೂರು ಕಡೆಯವನು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ. ವಯಸ್ಸು 39. ಈ ಸಲ ಹೊಸತೊಡಕಿಗೆ ಶುರು ಮಾಡಿ ನಾಲ್ಕು ದಿನ ಕುಡಿದಿದ್ದೇ ಕೊನೆ. ಅಲ್ಲಿಂದ ಒಂದು ತೊಟ್ಟೂ ಮುಟ್ಟಿಲ್ಲ. ಶಹಬ್ಬಾಸ್ ಅನ್ನಿಸ್ಕೊಳ್ಳೋಕೆ ಬರೀತಿಲ್ಲ, ಕಥೆ ಅರ್ಥ ಆಗ್ಲಿ ಅಂತ ಹೇಳ್ದೆ.

ಬಿಟ್ಟಿದ್ದು ನನ್ನ ಛಲದಿಂದೇನಲ್ಲ. ಐದನೇ ದಿನ ಜೇಬಲ್ಲಿ ಕಾಸಿರಲಿಲ್ಲ, ಸಾಲ ಕೊಡೋರೂ ಇರಲಿಲ್ಲ, ಮನೇಲಿ ಬಿದ್ಕೊಂಡೆ. ಮೂರನೇ ರಾತ್ರಿ ಗೋಡೆ ಮೇಲೆಲ್ಲಾ ತಾಮ್ರದ ತಂತಿ ಹರಿದಾಡ್ತಿರೋ ಹಾಗೆ ಕಾಣೋಕೆ ಶುರುವಾಯ್ತು. ನಾನು ಎದ್ದು ಕೂತು ಗಾಳೀಲಿ ಕಾಯಿಲ್ ಸುತ್ತುತಾ ಇದ್ನಂತೆ, ಸುತ್ತು ಎಣಿಸ್ಕೊಂಡು, ನಲವತ್ತೆರಡು, ನಲವತ್ಮೂರು ಅಂತ. ನನಗೆ ನೆನಪಿಲ್ಲ. ನೋಡಿದ್ದು ನನ್ನ ಮಗ. ಅವನೇ ಓಡಿಹೋಗಿ ಸೋದರಮಾವನ್ನ ಎಬ್ಬಿಸ್ಕೊಂಡು ಬಂದ. ಗೂಡ್ಸ್ ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ಹಾಕಿದ್ರು. ಹದಿನಾರು ದಿನ ಇದ್ದೆ.

ಮಗನಿಗೆ ಈಗ 12, ಏಳನೇ ಕ್ಲಾಸು. ಮಗಳಿಗೆ 6. ಹೆಂಡ್ತಿ ಗಾರ್ಮೆಂಟ್ಸಿಗೆ ಹೋಗ್ತಾಳೆ, ಬೆಳಿಗ್ಗೆ ಏಳಕ್ಕೇ ಬಸ್ಸು. ಹಾಗಾಗಿ ತಂಗೀನ ಎಬ್ಬಿಸೋದು, ಸ್ನಾನ, ಜಡೆ, ಡಬ್ಬಿ ಎಲ್ಲಾ ಮಗನದೇ. ಬೀರು ಕೀ ಅವನ ಉಡಿದಾರದಲ್ಲಿ ಇರುತ್ತೆ. ಅವರಮ್ಮನ ಸಂಬಳ ನನ್ನ ಕೈಗೆ ಸಿಗಬಾರದು ಅಂತ ಮೂರು ವರ್ಷದ ಹಿಂದೆ ಕಟ್ಟಿಕೊಂಡಿದ್ದು. ಇವತ್ತಿಗೂ ಬಿಚ್ಚಿಲ್ಲ.

ದಿನಾ ಸಂಜೆ ನಾನು ಗಾಡಿ ನಿಲ್ಸಿದ ತಕ್ಷಣ ಬರ್ತಾನೆ. ಬ್ಯಾಗ್ ತಗೊಳ್ಳೋ ನೆಪ. ಹತ್ರ ಬಂದು ಒಂದು ಸಲ ಉಸಿರೆಳ್ಕೊಂಡು ಹೋಗ್ತಾನೆ. ಮೊದಮೊದಲು ಕಂಡೂ ಕಾಣದ ಹಾಗೆ ಇದ್ದೆ.

ಹೋದ ವಾರ ಒಂದು ಪಂಪ್‌ಸೆಟ್ ಮೋಟಾರ್ ಅರ್ಜೆಂಟ್ ಇತ್ತು. ತೋಟದವರು ಅಂಗಡಿ ಮುಂದೇನೇ ಕೂತಿದ್ರು. ಅಂಗಡಿ ಹುಡುಗ ರಜೆ, ವಾರ್ನಿಷ್ ನಾನೇ ಹೊಡೆದೆ. ತಿನ್ನರ್ ಅಂಗಿ ಮೇಲೆಲ್ಲಾ ಚೆಲ್ಲಿತು. ಮನೆಗೆ ಬಂದಾಗ ಒಂಬತ್ತೂವರೆ. ಮಗ ಬಂದ, ಮೂಸಿದ. ಒಂದು ಮಾತಾಡ್ಲಿಲ್ಲ. ಒಳಗೆ ಹೋಗಿ ಮಲಗಿದ್ದ ತಂಗೀನ ಎಬ್ಬಿಸಿ ಕೈ ಹಿಡ್ಕೊಂಡು ಪಕ್ಕದ ಅಜ್ಜಿ ಮನೆಗೆ ಹೊರಟ. ನನಗೆ ಎಲ್ಲಿತ್ತೋ ಸಿಟ್ಟು. ಕುಡಿದಿಲ್ಲ ಕಣೋ ಅಂತ ಕಿರುಚಿದೆ. ಹೊಡೆದೆ. ಅವನು ಅಳಲಿಲ್ಲ ಕಣ್ರೀ. "ಇನ್ನೊಂದು ಹೊಡ್ದು ಮಲ್ಕೋ" ಅಂದ. ಕುಡೀತಿದ್ದ ಕಾಲದಲ್ಲಿ ಅವನು ಹಾಗೇ ಅಂತಿದ್ನಂತೆ. ಹೆಂಡ್ತಿ ಆಮೇಲೆ ಹೇಳಿದಳು.

ಆಸ್ಪತ್ರೇಲಿ ಕುಡೀದೆ ಇರೋದು ಹೇಗೆ ಅಂತ ಹೇಳಿಕೊಟ್ರು. ಮಾತ್ರೆ ಕೊಟ್ರು. ಕುಡೀದೆ ಇರೋ ಅಪ್ಪ ಮನೇಲಿ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಕೀ ವಾಪಸ್ ಕೇಳ್ಬೇಕಾ? ಬೈಯೋ ಹಕ್ಕು ನನಗೆ ಉಳಿದಿದೆಯಾ? ಮಗಳಿಗೆ ಇವರೆಲ್ಲಾ ಅಪ್ಪಂಗೆ ಜ್ವರ ಅಂತ ಹೇಳಿಟ್ಟಿದಾರೆ, ಅವಳು ಈಗ್ಲೂ "ಜ್ವರ ಬಂತಾ ಅಪ್ಪ" ಅಂತ ಹಣೆ ಮುಟ್ತಾಳೆ. ಅವಳಿಗೆ ಏನು ಹೇಳ್ಲಿ? ಡ್ರೈವಿಂಗಿಗೆ ಸ್ಕೂಲಿದೆ, ಟೈಲರಿಂಗಿಗೆ ಸ್ಕೂಲಿದೆ. ಇದಕ್ಕೆ ಇದೆಯಾ?

*

ಉತ್ತರ 1: ನೇರಮಾತು

ಮನೇಲಿ ಅಪ್ಪನ ಭಯ ಇರಬೇಕು ಸಾರ್. ಏಳು ತಿಂಗಳು ಬಿಟ್ಟಿದ್ದೀರಿ, ಇನ್ನೇನು ಬೇಕಂತೆ ಅವನಿಗೆ? ಈಗ ಸದರ ಕೊಟ್ರೆ ಹತ್ತನೇ ಕ್ಲಾಸಿಗೆ ಕೈಗೆ ಸಿಗಲ್ಲ. ಕೀ ಈಸ್ಕೊಳ್ಳಿ ಮೊದಲು.

*

ಉತ್ತರ 2: ಹುಬ್ಬಳ್ಳಿ ಮಾಮಾ

ಮ್ಯಾಲಿನವರ ಮಾತು ಕಿವ್ಯಾಗ ಹಾಕ್ಕೋಬ್ಯಾಡ್ರಿ. ಅವರ ಮನ್ಯಾಗ ಯಾರೂ ಕುಡದಿಲ್ಲ ಅಂತ ಕಾಣಸ್ತದ, ಪುಣ್ಯಾ ಅವರದು.

ನಾ ಲಾರಿ ಡ್ರೈವರ್ ಇದ್ದೆ. ಬಿಟ್ಟು ಹನ್ನೊಂದ ವರ್ಷ ಆತು. ನನ್ನ ಮಗಾ ಆವಾಗ ಹತ್ತ ವರ್ಷದಾಂವ. ಅವಂಗ ಸೈಕಲ್ ಕೊಡಸ್ತೀನಿ ಅಂತ ಮೂರ ಸಲ ಮಾತ ಕೊಟ್ಟು ಮೂರೂ ಸಲ ಆ ರೊಕ್ಕಾ ಕುಡದೆ. ಬಿಟ್ಟ ಮ್ಯಾಲೆ ಮೊದಲನೇ ತಿಂಗಳ ಪಗಾರದಾಗ ಸೈಕಲ್ ತಂದು ಅಂಗಳದಾಗ ನಿಲ್ಲಿಸಿದೆ, ಕೆಂಪದು, ಗೇರ್ ಇದ್ದದ್ದು. ಹಾರ್ಯಾಡ್ತಾನ ಅಂತ ತಿಳಕೊಂಡಿದ್ದೆ. ಅಂವಾ ಹದಿನೈದ ದಿನಾ ಅದನ್ನ ಮುಟ್ಟಲಿಲ್ಲರೀ. ಯಾಕಲೇ ಅಂದ್ರ, "ನಾಳೆ ಮಾರ್ತೀದಿ" ಅಂದ.

ಅವತ್ತಿಂದ ದೊಡ್ಡ ಮಾತ ಕೊಡೂದ ಬಿಟ್ಟೆ. ಸಣ್ಣ ಮಾತಷ್ಟ. ಆರೂವರಿಗೆ ಬರ್ತೀನಿ ಅಂದ್ರ ಆರೂವರಿಗೆ. ರವಿವಾರ ಮಿರ್ಚಿ ತರ್ತೀನಿ ಅಂದ್ರ ಮಿರ್ಚಿ. ಆಗೂದಿಲ್ಲ ಅಂದ್ರ ಮೊದಲ ಫೋನ್ ಮಾಡಿ ಹೇಳೂದು. ನಗತೀರೋ ಏನೋ, ಆ ಮಿರ್ಚಿ ಮಾಡಿದ ಕೆಲಸಾ ಸೈಕಲ್ ಮಾಡಲಿಲ್ಲ.

ಮೂಸೂದರ ಬಗ್ಗೆ. ಮೂಸಲಿ ಬಿಡ್ರಿ. ನಾ ಅಂತೂ ಹೊಸ್ತಲಾ ದಾಟೂದ್ರಾಗ ನಾನ ಬಾಯಿ ತಗದು "ಹಾ" ಅಂತಿದ್ದೆ. ಅದರಾಗ ನಾಚಿಕಿ ಏನೈತಿ? ಪೊಲೀಸರ ಮುಂದ ಊದತೀವಿ, ಮಗನ ಮುಂದ ಊದಾಕ ಏನ ಧಾಡಿ.

ಇನ್ನೊಂದು. ಹದಿನಾಕ ತಿಂಗಳಿಗೆ ನಾ ಒಮ್ಮೆ ಜಾರಿದೆ. ಗೆಳ್ಯಾನ ಮದವ್ಯಾಗ ಒಂದ ರಾತ್ರಿ. ಮರುದಿನ ಮುಂಜಾನೆ ಅಂವಾ ಕೇಳೂಕ್ಕಿಂತ ಮೊದಲ ನಾನ ಕುಂತು ಹೇಳಿದೆ, ನಿನ್ನೆ ಕುಡದೆ, ಇವತ್ತ ಡಾಕ್ಟರ್ ಕಡೆ ಹೊಂಟೀನಿ ಅಂತ. ಅಂವಾ ಅತ್ತ. ನಾ ಬಿಟ್ಟ ಮ್ಯಾಲೆ ಅಂವಾ ಅತ್ತದ್ದು ಅದ ಮೊದಲ ಸಲ.

*

ಉತ್ತರ 3: ಮಂಡ್ಯದಕ್ಕ

ತಮ್ಮಾ, ನಿಮ್ಮ ಪತ್ರದಲ್ಲಿ ಹೆಂಡ್ತಿ ಬಂದಿರೋದು ಬಸ್ ಹತ್ತೋಕೆ, ಸಂಬಳ ಬಚ್ಚಿಡೋಕೆ, ಕೊನೇಲಿ ಒಂದು ಮಾತು ನೆನಪಿಸೋಕೆ. ಅಷ್ಟೇ. ಬೇಜಾರು ಮಾಡ್ಕೋಬೇಡಿ, ಆ ಕಡೆ ಕೂತಿರೋಳು ನಾನು, ನನ್ನ ಕಣ್ಣಿಗೆ ಮೊದಲು ಬೀಳೋದು ಅದೇ.

ಆ ಕೀ ಹುಡುಗ ತಾನಾಗೇ ಕಟ್ಕೊಂಡಿದ್ದಲ್ಲ. ಅವರಮ್ಮ ಕಟ್ಟಿರ್ತಾಳೆ. ನಾನೂ ಹಾಗೇ ಮಾಡಿದೆ. ನನ್ನ ದೊಡ್ಡ ಮಗಳನ್ನ ಒಂಬತ್ತನೇ ವಯಸ್ಸಿಗೇ ನನ್ನ ಸಿಐಡಿ ಮಾಡ್ಕೊಂಡಿದ್ದೆ. ಅಪ್ಪ ಎಲ್ಲಿಗೋದ್ರು, ಯಾರ ಜೊತೆ ಹೋದ್ರು, ಸ್ಕೂಟರ್ ಡಿಕ್ಕೀಲಿ ಏನಿದೆ ನೋಡ್ಬಾ. ಎಷ್ಟು ಬುದ್ಧಿವಂತೆ ಅಂತ ನೆಂಟರ ಹತ್ರ ಹೇಳ್ಕೋತಿದ್ದೆ ಬೇರೆ. ಅವಳಿಗೀಗ ಮದುವೆಯಾಗಿದೆ. ಅಳಿಯ ಹತ್ತು ನಿಮಿಷ ತಡ ಆದ್ರೆ ಕೈ ನಡುಗುತ್ತೆ ಅಂತಾಳೆ. ಪಾಪ, ಆ ಹುಡುಗ ಕಾಫಿ ಬಿಟ್ಟು ಏನೂ ಕುಡಿಯೋನಲ್ಲ.

ಹಾಗಾಗಿ ಕೀ ನೀವು ಕೇಳ್ಬೇಡಿ. ಕೇಳೋದಾದ್ರೆ ಅವರಮ್ಮ ಕೇಳ್ಲಿ, ಅವಳಿಗೆ ಧೈರ್ಯ ಬಂದಾಗ. ಅವಳಿಗೆ ಧೈರ್ಯ ಬರೋಕೆ ಏನು ಬೇಕು ಅಂತ ಅವಳನ್ನ ಒಂದು ಸಲ ಕೂರಿಸಿ ಕೇಳಿದ್ದೀರಾ?

ಓದ್ತಿರೋ ಹೆಣ್ಮಕ್ಕಳಿಗೆ ಒಂದು ಮಾತು. ಬೇರೆ ಯಾರಾದ್ರೂ ಹೇಳಿರ್ತಾರೆ, ಆದ್ರೂ. ಗಂಡನಿಗೆ ಗೊತ್ತಿಲ್ಲದ ಹಾಗೆ ಕುಡಿತ ಬಿಡಿಸೋ ಮಾತ್ರೆ ಸಾರಿಗೆ ಹಾಕೋ ಕೆಲಸ ಮಾಡ್ಬೇಡಿ. ನಾನು ಮಾಡ್ದೆ. ಡೈಸಲ್ಫಿರಾಂ ಅಂತ ಅದರ ಹೆಸರು. ಅದು ಮೈಯಲ್ಲಿದ್ದಾಗ ಕುಡಿದ್ರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಇಳಿದುಹೋಗುತ್ತೆ. ನಮ್ಮೋರು ಎರಡು ದಿನ ಐಸಿಯುನಲ್ಲಿದ್ರು. ತಗೊಳ್ಳೋನು ತಾನೇ ಒಪ್ಪಿ, ಡಾಕ್ಟರ್ ನೋಡ್ಕೊಂಡು ಕೊಡೋ ಮಾತ್ರೆ ಅದು. ಪೇಪರಲ್ಲಿ "ತಿಳಿಯದಂತೆ ಕುಡಿತ ಬಿಡಿಸುತ್ತೇವೆ" ಅಂತ ಬರುತ್ತಲ್ಲ, ಆ ಪುಡೀಲಿ ಏನಿರುತ್ತೆ ಅಂತ ಯಾರಿಗೂ ಗೊತ್ತಿರಲ್ಲ.

ನನ್ನನ್ನ ಉಳಿಸಿದ್ದು ಅಲ್-ಅನಾನ್ ಕೂಟ. ಕುಡಿಯೋರಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟ ಇದ್ದ ಹಾಗೆ ಮನೆಯವರಿಗೆ ಇದು, 1951ರಿಂದ ಇದೆ. ಹದಿಹರೆಯದ ಮಕ್ಕಳಿಗೆ ಅಲಟೀನ್ ಅಂತ ಬೇರೆ. ಅಲ್ಲಿ ಮೊದಲನೇ ದಿನ ಕೇಳಿದ್ದು: ಇದನ್ನ ನಾನು ತಂದಿದ್ದಲ್ಲ, ಇದು ನನ್ನ ಹಿಡಿತದಲ್ಲಿಲ್ಲ, ವಾಸಿ ಮಾಡೋದೂ ನನ್ನ ಕೈಲಿಲ್ಲ. ನಾನು ಮನೆಗೆ ಬಂದು ಅದನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ನಿಮ್ಮ ಮಗನಿಗೆ ಯಾರಾದ್ರೂ ಈ ಮೂರು ಮಾತು ಹೇಳಿದಾರಾ? ಅವತ್ತು ರಾತ್ರಿ ಮಾವನ್ನ ಕರ್ಕೊಂಡು ಬಂದೋನು ಅವನು. ತಾನು ನಿದ್ದೆ ಹೋದ್ರೆ ಅಪ್ಪ ಹೋಗಿಬಿಡ್ತಾನೆ ಅಂತ್ಲೇ ಅವನು ಅಂದ್ಕೊಂಡಿರೋದು.

*

ಉತ್ತರ 4: ವಾರ್ಡ್ ನಂಬರ್ ಏಳು

ನಾನು ಒಂದು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಹದಿನಾಲ್ಕು ವರ್ಷದಿಂದ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಆ ರಾತ್ರಿಯ ವಿಷಯ. ಬಹಳ ವರ್ಷ ಕುಡಿದವರು ತಟ್ಟನೆ ನಿಲ್ಲಿಸಿದಾಗ ಎರಡು ಮೂರು ದಿನಕ್ಕೆ ಬರುವ ಸನ್ನಿ ಅದು. ಆ ಸನ್ನಿಯಲ್ಲಿ ಕೆಲವರು ತಮ್ಮ ತಮ್ಮ ಕಸುಬಿನ ಕೆಲಸವನ್ನೇ ಮಾಡುತ್ತಾರೆ. ದರ್ಜಿ ಗಾಳಿಯಲ್ಲಿ ಸೂಜಿ ಪೋಣಿಸುತ್ತಾನೆ, ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ. ನೀವು ಕಾಯಿಲ್ ಸುತ್ತಿದಿರಿ. ಫಿಟ್ಸ್ ಬಂದು ಜೀವ ಹೋಗಲೂಬಹುದಾದ ಸ್ಥಿತಿ. ಆದ್ದರಿಂದ ದಿನಾ ಕುಡಿಯುವವರನ್ನು ಮನೆಯಲ್ಲಿ ಕೂಡಿ ಹಾಕಿ ನಿಲ್ಲಿಸುವ ಸಾಹಸ ಯಾರೂ ಮಾಡಬೇಡಿ, ಆಸ್ಪತ್ರೆಗೆ ಕರೆತನ್ನಿ. ನಿದ್ದೆ ಬರುವ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ನು, ಕೆಲವು ದಿನದ ನಿಗಾ, ಇಷ್ಟರಲ್ಲಿ ಬಹಳ ಜನ ದಾಟುತ್ತಾರೆ. ಈಗ ನನ್ನ ಪ್ರಶ್ನೆ. ಇದು ನಿಮಗೆ ಡಾಕ್ಟರು ವಿವರಿಸಿರುತ್ತಾರೆ. ನೋಡಿದ ಹುಡುಗನಿಗೆ ಯಾರು ವಿವರಿಸಿದರು? ಅಪ್ಪನಿಗೆ ಹುಚ್ಚು ಹಿಡಿಯಿತು, ಮತ್ತೆ ಯಾವಾಗ ಬೇಕಾದರೂ ಹಿಡಿಯಬಹುದು ಅಂತಲೇ ಅವನು ನಂಬಿರಬಹುದು. ನಮ್ಮ ವಾರ್ಡಿಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ನಿಯಮ ಸರಿಯೇ, ಆದರೆ ಅದರಿಂದ ಮಕ್ಕಳಿಗೆ ಕಥೆಯ ಕೆಟ್ಟ ಅರ್ಧ ಮಾತ್ರ ಗೊತ್ತಿರುತ್ತದೆ. ವಾಸಿಯಾಗುವ ಅರ್ಧ ಬಾಗಿಲ ಒಳಗೇ ಉಳಿಯುತ್ತದೆ.

ನೀವು ಕೇಳಿದ ಸ್ಕೂಲು ಇದೆ, ಸ್ವಲ್ಪ ದೂರದಲ್ಲಿ. ಅಮೆರಿಕದ ಯೂಟಾದಲ್ಲಿ 1980ರ ದಶಕದಲ್ಲಿ ಕ್ಯಾರಲ್ ಕಂಫರ್ ಎನ್ನುವವರು ಮಾದಕ ವ್ಯಸನದಿಂದ ಹೊರಬರುತ್ತಿದ್ದ ತಂದೆ ತಾಯಿಯರಿಗಾಗಿಯೇ 14 ವಾರದ ತರಗತಿ ಶುರು ಮಾಡಿದರು. ಮೊದಲು ಎಲ್ಲರೂ ಒಟ್ಟಿಗೆ ಊಟ. ಆಮೇಲೆ ಒಂದು ತಾಸು ದೊಡ್ಡವರು ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ. ಕೊನೆಯ ತಾಸು ಎಲ್ಲರೂ ಕೂಡಿ, ಕಲಿತದ್ದನ್ನು ಅಲ್ಲೇ ಆಡಿ ನೋಡುವುದು. ದೊಡ್ಡವರಿಗೆ ಮಾತ್ರ ಪಾಠ ಮಾಡಿದ್ದಕ್ಕಿಂತ, ಮೂರೂ ಕೂಡಿದಾಗ ಮಕ್ಕಳು ಹೆಚ್ಚು ಚೇತರಿಸಿಕೊಂಡರು ಅಂತ ಅವರಿಗೆ ಕಂಡಿತು. ನಮ್ಮ ಪಕ್ಕದಲ್ಲೇ ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು, ಕುಡಿತದಿಂದ ಗಂಡನನ್ನು ಕಳೆದುಕೊಂಡವರು, 1980ರಲ್ಲಿ ಕಟ್ಟಿದ ಸಂಸ್ಥೆ ನಡೆಸುವ, ಕುಡಿತ ಬಿಡಿಸುವ ಟಿಟಿಕೆ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆಯ ಪಾಲು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ನಮ್ಮಂಥ ಆಸ್ಪತ್ರೆಯಲ್ಲಿ ಗುರುವಾರ ಮಧ್ಯಾಹ್ನ ಹೆಂಡತಿಯರನ್ನು ಕೂರಿಸಿಕೊಂಡು ಮಾತಾಡುತ್ತೇನೆ, ಕೋಣೆ ಖಾಲಿ ಇದ್ದರೆ. ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿತದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5.7 ಕೋಟಿ. ಅವರ ಮಕ್ಕಳನ್ನು ಅದರಲ್ಲಿ ಎಣಿಸಿಲ್ಲ.

ಆ ತರಗತಿಗಳಲ್ಲಿ ಹೇಳಿಕೊಡುವ ಮೊದಲ ಪಾಠ ಬೈಯುವುದು ಹೇಗೆ ಅಂತಲ್ಲ, ಆಡುವುದು ಹೇಗೆ ಅಂತ. ದಿನಕ್ಕೆ ಹದಿನೈದು ನಿಮಿಷ ಮಗು ಹೇಳಿದ ಆಟ, ಮಗುವಿನ ನಿಯಮ. ನೀವು ತಿದ್ದಬಾರದು, ಪಾಠ ಹೇಳಬಾರದು, ಪ್ರಶ್ನೆ ಕೇಳಬಾರದು. ಕೇಳಲು ಸುಲಭ. ನಮ್ಮಲ್ಲಿ ಒಬ್ಬ ತಂದೆಗೆ ಮಗಳ ಜೊತೆ ಚೌಕಾಬಾರ ಆಡಲು ಹೇಳಿದೆ, ನನ್ನ ಟೇಬಲ್ ಪಕ್ಕದಲ್ಲೇ. ಎರಡು ನಿಮಿಷಕ್ಕೆ "ಹಾಗಲ್ಲ, ಈ ಕಾಯಿ ನಡೆಸು" ಅಂದರು. ಐದು ನಿಮಿಷಕ್ಕೆ ಮಗಳ ಕೈಯಿಂದ ಕವಡೆ ಇವರ ಕೈಗೆ ಬಂದಿತ್ತು. ಆ ಮಗು ಸುಮ್ಮನೆ ಕೈ ಕಟ್ಟಿ ಕೂತಿತು. ಅವರಿಗೇ ಅದು ಕಂಡಿತು, ನಾನೇನೂ ಹೇಳಬೇಕಾಗಲಿಲ್ಲ. ನಿಮ್ಮ ಹುಡುಗ ಹನ್ನೆರಡರವನು, ಅವನಿಗೆ ಆಟ ಅಂದರೆ ಕೇರಂ ಇರಬಹುದು, ಮೊಬೈಲ್ ಇರಬಹುದು, ಸುಮ್ಮನೆ ಪಕ್ಕದಲ್ಲಿ ಕೂರುವುದೇ ಇರಬಹುದು. ಹದಿನೈದು ನಿಮಿಷ ಅವನು ಯಜಮಾನ.

ಅದಾದ ಮೇಲೆ ಹೇಳುವ ಮಾತು. ದೂರದಿಂದ ಕೂಗಬೇಡಿ, ಹತ್ತಿರ ಹೋಗಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾಡಿದರೆ ಏನು ಮಾಡಿದ ಅಂತ ಬಾಯಿಬಿಟ್ಟು ಹೇಳಿ. "ಗುಡ್ ಬಾಯ್" ಬೇಡ, "ತಂಗಿ ಡಬ್ಬಿ ತೊಳೆದಿಟ್ಟಿದ್ದೀಯ" ಸಾಕು. ಹೊಡೆತ ಪೂರ್ತಿ ಬಂದ್. ನಿಮ್ಮ ಕೈ ಮೇಲೆದ್ದರೆ ಅವನಿಗೆ ಕಾಣುವುದು ಇವತ್ತಿನ ಅಪ್ಪ ಅಲ್ಲ.

ಕೀ ವಿಷಯದಲ್ಲಿ ಮಂಡ್ಯದಕ್ಕ ಹೇಳಿದ್ದೇ ನನ್ನದೂ. ಅವನು ಮೂರು ವರ್ಷ ಮನೆ ನಡೆಸಿದ್ದಾನೆ, ಚೆನ್ನಾಗಿಯೇ ನಡೆಸಿದ್ದಾನೆ. ಅದನ್ನು ಕಿತ್ತುಕೊಂಡರೆ ಅವನಿಗೆ ಅವಮಾನ. ಅವನು ಬೇಸರದಿಂದ ಮಾಡುತ್ತಿರುವ ಒಂದು ಕೆಲಸ ಹುಡುಕಿ, ಅದನ್ನು ನೀವು ಮಾಡಲು ಶುರು ಮಾಡಿ. ಒಂದು ತಿಂಗಳು ತಪ್ಪದೆ ಮಾಡಿ. ಅವನು ಪ್ರೀತಿಯಿಂದ ಮಾಡುವುದನ್ನು ಅವನಿಗೇ ಬಿಡಿ.

ಹುಬ್ಬಳ್ಳಿ ಮಾಮಾ, ನಿಮ್ಮ ಮಿರ್ಚಿ ಕಥೆಯನ್ನು ನನ್ನ ಗುರುವಾರದ ಗುಂಪಿಗೆ ಹೇಳುತ್ತೇನೆ, ಅಪ್ಪಣೆ ಇದೆ ಅಂದುಕೊಂಡಿದ್ದೇನೆ. ಆದರೆ "ಮೂಸಲಿ ಬಿಡಿ" ಅನ್ನುವುದಕ್ಕೆ ನನ್ನ ತಕರಾರಿದೆ. ನಿಮ್ಮ ಮನೆಯಲ್ಲಿ ನಡೆದಿರಬಹುದು. ಅಪ್ಪ ತಾನೇ "ಹಾ" ಅಂದರೂ ಕಾವಲು ಕೆಲಸ ಮಗನ ಹೆಗಲಿಗೇ ಉಳಿಯಿತು. ಒಂದು ದಿನ ಅವನು ಆಟಕ್ಕೆ ಹೋಗಿ, ಅವತ್ತೇ ಅಪ್ಪ ಕುಡಿದರೆ? ತಾನು ನೋಡದ್ದಕ್ಕೇ ಹೀಗಾಯಿತು ಅಂದುಕೊಳ್ಳುತ್ತಾನೆ. ಆ ಕೆಲಸ ದೊಡ್ಡವರೊಬ್ಬರಿಗೆ ಹೋಗಬೇಕು. ಆ ಸೋದರಮಾವ ಒಪ್ಪುತ್ತಾರಾ ಕೇಳಿ. ಮಗನಿಗೆ ಅವರ ಎದುರಿಗೇ ಹೇಳಿ: ಇನ್ನು ಮೇಲೆ ನೋಡಿಕೊಳ್ಳುವುದು ಮಾವನ ಕೆಲಸ, ನಿನಗೆ ಅನುಮಾನ ಬಂದರೆ ಮಾವನಿಗೆ ಫೋನ್ ಮಾಡು, ನಾನು ಬೈಯುವುದಿಲ್ಲ. ಅಕಸ್ಮಾತ್ ಮತ್ತೆ ಕುಡಿದರೆ ಮಕ್ಕಳು ಯಾರ ಮನೆಗೆ, ಯಾವ ನಂಬರಿಗೆ, ಅದನ್ನೂ ಈಗಲೇ ನಾಲ್ಕೂ ಜನ ಕೂತು ಬರೆದಿಡಿ. ಜಾರುವುದು ಅಪರೂಪವಲ್ಲ. ತಂಗಿಯನ್ನು ಕರೆದುಕೊಂಡು ಅಜ್ಜಿ ಮನೆಗೆ ಹೊರಟನಲ್ಲ, ಅದು ಅವನೊಬ್ಬನೇ ಕೂತು ಮಾಡಿದ್ದ ಪ್ಲಾನು. ಒಳ್ಳೆಯ ಪ್ಲಾನೇ. ಹಾಗಂತ ಅವನಿಗೆ ಹೇಳಿ.

ಆರು ವರ್ಷದವಳಿಗೆ ಜ್ವರದ ಸುಳ್ಳು ಸಾಕು. ಅವಳಿಗೆ ಜ್ವರ ಬಂದಾಗಲೆಲ್ಲ ತಾನೂ ಗೋಡೆ ನೋಡಿಕೊಂಡು ಮಾತಾಡುತ್ತೇನಾ ಅಂತ ಹೆದರಬಾರದಲ್ಲ. "ಅಪ್ಪನಿಗೆ ಒಂದು ಕಾಯಿಲೆ ಇತ್ತು, ಕುಡಿದರೆ ಜೋರಾಗುವ ಕಾಯಿಲೆ. ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ನಿನ್ನಿಂದ ಬಂದದ್ದಲ್ಲ." ಇಷ್ಟು ಸಾಕು, ಉಳಿದದ್ದನ್ನು ಅವಳೇ ಕೇಳುತ್ತಾಳೆ.

ಕ್ಷಮೆ ಕೇಳುವುದಾದರೆ ಒಂದೇ ಸಲ, ಇಂಥದ್ದಕ್ಕೆ ಅಂತ ಹೆಸರಿಟ್ಟು. "ಹೊಡೆದೆ, ತಪ್ಪು" ಅಂದ ಮೇಲೆ "ಆದರೆ ನೀನೂ" ಅನ್ನಬೇಡಿ. ಕ್ಷಮಿಸು ಅಂತ ಗೋಗರೆಯಲೂ ಬೇಡಿ. ಅಪ್ಪನನ್ನು ಸಮಾಧಾನ ಮಾಡುವ ಹೊಸ ಕೆಲಸ ಅವನಿಗೆ ಬರುತ್ತದೆ.

ಹೆಚ್ಚಿನವರು ಕೇಳಲು ಹೆದರುವುದು ಒಂದಿದೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕುಡಿತದ ಚಟದಲ್ಲಿ ವಂಶವಾಹಿಯ ಪಾಲು ಹೆಚ್ಚುಕಡಿಮೆ ಅರ್ಧ. ಉಳಿದರ್ಧ ಮನೆ, ಗೆಳೆಯರು, ಯಾವ ವಯಸ್ಸಿಗೆ ಮೊದಲ ಗುಟುಕು ಅನ್ನುವುದು. ಹದಿನಾಲ್ಕು ಹದಿನೈದಕ್ಕೆ ಅವನ ಜೊತೆ ಇದನ್ನು ಮುಚ್ಚುಮರೆಯಿಲ್ಲದೆ ಮಾತಾಡಬೇಕಾಗುತ್ತದೆ. ಆಗ ಅವನು ನಿಮ್ಮ ಪಕ್ಕ ಕೂರುವಷ್ಟು ಹತ್ತಿರ ಇರಬೇಕು. ಈಗಿನ ಕೇರಂ ಅದಕ್ಕೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ, ನಿಮ್ಮಲ್ಲಿ ಯಾವ ಹೊತ್ತಿಗೆ ಅಂತ ವಿಚಾರಿಸಿ ನಾಲ್ಕೂ ಜನ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಮಗನೂ ಮಾಡಬಹುದು. ಮಕ್ಕಳಿಗೆ ಪೆಟ್ಟು, ಭಯ ಅನ್ನುವ ಸ್ಥಿತಿ ಬಂದರೆ ಮಕ್ಕಳ ಸಹಾಯವಾಣಿ 1098. ಆ ನಂಬರ್ ಅವನ ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಡಿ ಅಂದರೆ ಒಪ್ಪುತ್ತೀರಾ? ಬರೆದುಕೊಟ್ಟ ಒಬ್ಬ ಅಪ್ಪ ನನಗೆ ಗೊತ್ತು.

*

ಉತ್ತರ 5: ಹುಬ್ಬಳ್ಳಿ ಮಾಮಾ

ಅಕ್ಕಾರ, ತಕರಾರು ಒಪ್ಪಿದೆ. ನನ್ನ ಮಗಾ ಇವತ್ತಿಗೂ ಯಾರರ ಕಡೆ ಬಂದ್ರ ಮೊದಲ ಮೂಗ ಎತ್ತತಾನ. ನಾವೆಲ್ಲಾ ಚೇಷ್ಟಿ ಮಾಡತಿದ್ವಿ. ಮಿರ್ಚಿ ಕಥಿ ಬೇಕಾದ್ರ ಹೇಳ್ರಿ.

*

ಉತ್ತರ 6: ಸಾಗರದ ಹುಡುಗ

ನಂಗೀಗ 24. ಅಪ್ಪ ಬಿಟ್ಟಾಗ 13. ಆ ಹುಡುಗನ ಜಾಗದಲ್ಲಿ ಕೂತು ಬರೀತಿದ್ದೇನೆ.

ನಿಜ ಹೇಳ್ತೇನೆ, ಬೇಜಾರು ಮಾಡ್ಕೊಳ್ಳಬೇಡಿ. ಕುಡಿಯೋ ಅಪ್ಪನ ಜೊತೆ ಏನು ಮಾಡಬೇಕು ಅಂತ ನಂಗೆ ಗೊತ್ತಿತ್ತು. ಗಾಡಿ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಇವತ್ತು ಎಷ್ಟು ಅಂತ ಹೇಳ್ತಿದ್ದೆ. ಸ್ಟ್ಯಾಂಡ್ ಒಂದೇ ಸಲಕ್ಕೆ ಬಿದ್ರೆ ಪರವಾಗಿಲ್ಲ. ಎರಡು ಮೂರು ಸಲ ಕಾಲು ಹುಡುಕಿದ್ರೆ ಟಿವಿ ಆಫ್ ಮಾಡಿ ಪುಸ್ತಕ ತೆಗೀಬೇಕು. ಗಾಡಿ ಬೀಳೋ ಸದ್ದೇ ಬಂದ್ರೆ ಟಾರ್ಚ್ ತಗೊಂಡು ಹೋಗಬೇಕು. ಬಿಟ್ಟ ಮೇಲೆ ಬಂದ ಅಪ್ಪ ಯಾರು ಅಂತ್ಲೇ ತಿಳೀಲಿಲ್ಲ. ಏಳೂವರೆಗೆ ಬಂದು ಹೋಂವರ್ಕ್ ಕೇಳೋರು. ಐದು ವರ್ಷ ಕೇಳದೇ ಇದ್ದೋರು. ನಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕುಡೀವಾಗ ಒಂದು ದಿನವೂ ಎದುರು ಮಾತಾಡಿರಲಿಲ್ಲ. ಬಿಟ್ಟ ಮೇಲೇ ಆಡಿದ್ದು. ಈಗ ಯೋಚನೆ ಮಾಡಿದ್ರೆ, ಆಡಬಹುದು ಅಂತ ಧೈರ್ಯ ಬಂದಿದ್ದೇ ಆಗ. ನಿಮ್ಮ ಮಗ ಎದುರು ಮಾತಾಡ್ತಾನೆ ಅಂದ್ರೆ ಅದೂ ಇರಬಹುದು.

"ನೀನಿನ್ನೂ ಮಗು, ನಿಂಗ್ಯಾಕೆ ಇದೆಲ್ಲಾ" ಅಂತ ಮಾತ್ರ ಹೇಳಬೇಡಿ ಸರ್.

ನಮ್ಮಪ್ಪ ಒಂದೇ ಒಂದು ಸರಿ ಕೆಲಸ ಮಾಡಿದ್ರು. ಶಾಲೆ ಪಾಲಕರ ಸಭೆಗೆ ಬಂದು ಹಿಂದಿನ ಬೆಂಚಲ್ಲಿ ಕೂತ್ರು. ಏನೂ ಮಾತಾಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ರು. ಮುಗಿದ ಮೇಲೆ ಮೇಷ್ಟ್ರಿಗೆ ಕೈ ಮುಗಿದು, ನಂಗೆ ಕಾಯದೇ ನಡ್ಕೊಂಡು ಹೋದ್ರು. ನಾನು ಓಡಿಹೋಗಿ ಹಿಡಿದೆ.

*

ಉತ್ತರ 7: ತಾಮ್ರದತಂತಿ

ಮೂರು ವಾರ ಆಯ್ತು, ತಡ ಆದದ್ದಕ್ಕೆ ಕ್ಷಮೆ ಇರಲಿ. ಎಲ್ಲರದೂ ಎರಡೆರಡು ಸಲ ಓದಿದೆ. ಮಂಡ್ಯದಕ್ಕ ಬರೆದದ್ದನ್ನ ಹೆಂಡ್ತಿಗೆ ಓದಿ ಹೇಳ್ದೆ. ಅವಳು ಏನೂ ಅನ್ನಲಿಲ್ಲ, ಅಡುಗೆಮನೆಗೆ ಹೋದ್ಲು. ರಾತ್ರಿ ಹತ್ತು ಗಂಟೆಗೆ ಬಂದು ಮಾತಾಡೋಕೆ ಶುರು ಮಾಡಿದೋಳು ಎರಡು ಗಂಟೆವರೆಗೂ ಮಾತಾಡಿದ್ಲು. ಅದನ್ನ ಇಲ್ಲಿ ಬರೆಯಲ್ಲ.

ಮಗನಿಗೆ ಆ ರಾತ್ರಿ ಏನಾಗಿತ್ತು ಅಂತ ಹೇಳ್ದೆ. ಸನ್ನಿ, ಮೂರನೇ ದಿನ, ಕಸುಬು, ಎಲ್ಲಾ. ಅವನು ಕೇಳಿದ್ದು ಒಂದೇ: "ಐವತ್ತಕ್ಕೆ ನಿಲ್ಸಿ ಮತ್ತೆ ಒಂದರಿಂದ ಎಣಿಸ್ತಿದ್ದೆ, ಯಾಕೆ?" ಆ ಸೈಜಿನ ಮೋಟಾರಿಗೆ ಐವತ್ತೇ ಸುತ್ತು ಕಣೋ ಅಂದೆ. ತಲೆ ಆಡಿಸಿದ. ಹೊಡೆದದ್ದಕ್ಕೆ ತಪ್ಪಾಯ್ತು ಅಂದೆ, ಆದ್ರೆ ಗೀದ್ರೆ ಇಲ್ಲದೆ. "ಸರಿ" ಅಂದ. ಅಷ್ಟೇ.

ಭಾನುವಾರ ಅಂಗಡಿಗೆ ಕರ್ಕೊಂಡು ಹೋಗಿ ವಾರ್ನಿಷ್ ಡಬ್ಬ, ತಿನ್ನರ್ ಕ್ಯಾನ್ ಎರಡೂ ತೋರಿಸಿದೆ. ಮುಚ್ಚಳ ತೆಗೆದು ತಾನೇ ಮೂಸಿದ. ತುಂಬಾ ಹೊತ್ತು ಮೂಸಬೇಡ, ತಲೆ ಸುತ್ತುತ್ತೆ ಅಂದೆ. ಮಾವ ಒಪ್ಪಿದಾರೆ. ಅವನ ನೋಟ್‌ಬುಕ್ ಕೊನೆ ಪುಟದಲ್ಲಿ ಮಾವನ ನಂಬರು, ಅಜ್ಜಿ ಮನೆ ನಂಬರು, 1098 ಮೂರೂ ನಾನೇ ಬರೆದೆ. ಮೇಡಂ, ಬರೆಯುವಾಗ ಕೈ ಓಡಲಿಲ್ಲ, ನಿಜ ಹೇಳ್ತೀನಿ.

ಬೇಸರದ ಕೆಲಸ ಹುಡುಕಿ ಅಂದ್ರಲ್ಲ. ಡಬ್ಬಿ ತೊಳೆಯೋದು ಅಂದ್ಕೊಂಡಿದ್ದೆ. ಅಲ್ಲ, ಜಡೆಯಂತೆ. ಕ್ಲಾಸಿನ ಹುಡುಗ್ರು ಆಡ್ಕೋತಾರಂತೆ. ಹಾಗಾಗಿ ಬೆಳಿಗ್ಗೆ ಅವನೇ ಹೇಳಿಕೊಡ್ತಾನೆ, ನಾನು ಹಾಕ್ತೀನಿ. ಇಪ್ಪತ್ತು ವರ್ಷದಿಂದ ತಂತಿ ಸುತ್ತಿರೋ ಕೈ, ಸಲೀಸು ಅಂದ್ಕೊಂಡೆ. "ಅಪ್ಪ, ಇದು ತಾಮ್ರ ಅಲ್ಲ, ಎಳೀಬೇಡ" ಅಂದ. ಮಗಳು ನಕ್ಕಳು. ಅವನೂ ನಕ್ಕ ಅನ್ಸುತ್ತೆ, ನಾನು ಹಿಂದೆ ತಿರುಗಿ ನೋಡಲಿಲ್ಲ. ಜಡೆ ಎಡಕ್ಕೆ ವಾಲುತ್ತೆ, ಟೀಚರ್ ಕೇಳಿದ್ರಂತೆ.

ಕೀ ಉಡಿದಾರದಲ್ಲೇ ಇದೆ. ಮಂಗಳವಾರ ನಾಲ್ಕೂ ಜನ ಆಸ್ಪತ್ರೆಗೆ ಹೋಗ್ತಿದೀವಿ, ಹೆಂಡ್ತಿ ಒಂದು ದಿನದ ರಜೆ ಹಾಕಿದಾಳೆ.

ನಿನ್ನೆ ಗಾಡಿ ನಿಲ್ಲಿಸಿದಾಗ ಬ್ಯಾಗ್ ತಗೊಳ್ಳೋಕೆ ಬರಲಿಲ್ಲ, ಒಳಗೆ ಕೇರಂ ಸದ್ದು ಕೇಳ್ತಿತ್ತು. ಇವತ್ತು ಮತ್ತೆ ಬಂದ. ಹತ್ರ ಬಂದು ನಿಂತು, "ವಾರ್ನಿಷಾ?" ಅಂದ. ವಾರ್ನಿಷ್ ಅಂದೆ. ಬ್ಯಾಗ್ ತಗೊಂಡು ಒಳಗೆ ಹೋದ.